ನೆತ್ತಿಗೆ ಹಾಕಿದ ಎಣ್ಣೆ

ಅಕ್ಕನಿಗೂ ನನಗೂ ಒಂದೇ ತಿಂಗಳಲ್ಲಿ ದಿನ ತುಂಬಿತ್ತು. ಇಬ್ಬರಿಗೂ ಚೊಚ್ಚಲು. ಒಂದೇ ಸೂರಿನಡಿ ಇಬ್ಬರು ಬಾಣಂತಿಯರು ಇರಬಾರದೆಂದು ಅಮ್ಮ ಅಕ್ಕನನ್ನು ಭದ್ರಾವತಿಯ ತವರಿಗೆ ಕರೆಸಿಕೊಂಡು, ನನ್ನನ್ನು ಶಿವಮೊಗ್ಗದ ಆಲ್ಕೊಳದಲ್ಲೇ ಅತ್ತೆಯ ಕೈಗೆ ಬಿಟ್ಟಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಅಕ್ಕನಿಗೆ ನಿಂತ ಬಸಿರು, ನೀನೇ ಅರ್ಥ ಮಾಡಿಕೊಳ್ಳಬೇಕು ಎಂದಳು. ತಲೆಯಾಡಿಸಿದೆ. ಒಳಗೆ ಕುದಿಯುತ್ತಿದ್ದೆ.

ಅಮ್ಮ ಅಕ್ಕನ ಮಗುವಿನ ನೆತ್ತಿಗೆ ದಿನಾ ಹರಳೆಣ್ಣೆ ಒತ್ತಿ, ಬಿಸಿನೀರೆರೆದು, ಸಾಂಬ್ರಾಣಿ ಹೊಗೆ ಹಾಕುತ್ತಿದ್ದಳು. ಹಾಗೆ ಮಾಡಿದರೆ ನೆತ್ತಿ ಚೆನ್ನಾಗಿ ಕೂಡುತ್ತದೆ, ಮಿದುಳು ಚುರುಕಾಗುತ್ತದೆ ಎಂದು ಅವಳ ನಂಬಿಕೆ. ನಮ್ಮ ಅತ್ತೆಗೆ ಮಂಡಿನೋವು, ಕೂತು ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯಲು ಆಗುತ್ತಿರಲಿಲ್ಲ. ಆಸ್ಪತ್ರೆಯ ನರ್ಸ್ ಬೇರೆ ನೆತ್ತಿಗೆ ಎಣ್ಣೆ ಸುರಿಯಬೇಡಿ ಎಂದಿದ್ದರು. ನಾನೂ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಎಣ್ಣೆ ತಲೆಯೊಳಗೆ ಇಳಿಯುತ್ತದೆಯೇ ಎಂದು ನಕ್ಕು ಸುಮ್ಮನಾದೆ.

ಮೂರು ವರ್ಷವಾದರೂ ನನ್ನ ಮಗಳು ಮಾತಾಡಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ತಿರುಗುವ ಫ್ಯಾನಿನ ನೆರಳನ್ನು ಗಂಟೆಗಟ್ಟಲೆ ನೋಡುತ್ತಿದ್ದಳು. ಡಾಕ್ಟರು ಆಟಿಸಂ ಎಂದರು. ಆ ದಿನ ನನಗೆ ಮೊದಲು ನೆನಪಾದದ್ದು ಅಕ್ಕನ ಮಗುವಿನ ಎಣ್ಣೆ ಜಿನುಗುವ ನೆತ್ತಿ. ನನ್ನ ನಗು ಎಲ್ಲಿ ಹೋಯಿತೋ. ನನ್ನ ಮಗಳಿಗೆ ಸಿಗಬೇಕಾಗಿದ್ದ ಅಜ್ಜಿಯ ಆರೈಕೆಯನ್ನು ಅಕ್ಕ ಕಿತ್ತುಕೊಂಡಳು ಎಂದು ಮನಸ್ಸು ತೀರ್ಮಾನಿಸಿಬಿಟ್ಟಿತು. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು, ಜಗಳ ಆಡಲೂ ಸಿಗಲಿಲ್ಲ. ಅಕ್ಕ ಸಿಕ್ಕಳು.

ಒಮ್ಮೆ ಅವಳು ಫೋನಿನಲ್ಲಿ ತನ್ನ ಮಗಳ ಬಗ್ಗೆ, "ಇವಳ ಬಾಯಿ ನಿಲ್ಲಲ್ಲ ಮಾರಾಯ್ತಿ, ತಲೆ ಚಿಟ್ಟು ಹಿಡಿದ್ಹೋಗಿದೆ" ಎಂದಾಗ ಹೊಟ್ಟೆ ಉರಿದುಹೋಯಿತು. ಅಂಥ ತಲೆಚಿಟ್ಟು ನನಗೂ ಒಂದು ದಿನ ಹಿಡಿಯಬಾರದೇ? "ಅಮ್ಮ ಎಣ್ಣೆ ಹಾಕಿದ ತಲೆ ಅಲ್ವಾ, ಮಾತಾಡ್ದೆ ಏನ್ಮಾಡುತ್ತೆ" ಎಂದೆ.

ಮುಂದಿನ ಭಾನುವಾರದಿಂದ ಅಕ್ಕ ಬಸ್ಸು ಹತ್ತಿ ನಮ್ಮ ಮನೆಗೆ ಬರತೊಡಗಿದಳು. ಬಂದವಳೇ ಎಣ್ಣೆ ಬೆಚ್ಚಗೆ ಮಾಡಿಕೊಂಡು ಕೂರುತ್ತಿದ್ದಳು. ಬಾಚಣಿಗೆ ಕಂಡರೆ ಕಿರುಚುವ ನನ್ನ ಮಗಳು ಮೊದಮೊದಲು ಅವಳ ಕೈ ಕಚ್ಚಿದಳು. ಆಮೇಲಾಮೇಲೆ ದೊಡ್ಡಮ್ಮನ ಮಂಡಿಗಳ ನಡುವೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವ ನನಗೆ ಅದನ್ನೂ ಸಹಿಸಲಾಗಲಿಲ್ಲ. ಹೆತ್ತವಳು ನಾನು. ನನ್ನ ಕೈ ತಗುಲಿದರೆ ಮೈ ಮುದುಡಿಕೊಳ್ಳುತ್ತಾಳೆ.

ಸವಳಂಗ ರಸ್ತೆಯ ನಮ್ಮ ಲ್ಯಾಬ್‌ಗೆ ಆಗೊಮ್ಮೆ ಈಗೊಮ್ಮೆ ರೋಗಿಗಳ ಬೆನ್ನಿನಿಂದ ತೆಗೆದ ದ್ರವ ಬರುತ್ತದೆ. ಮಿದುಳಿನ ಸುತ್ತ ಇರುವುದೂ ಅದೇ; ನೋಡಲು ಬರೀ ನೀರು. ಅದರಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆದು ಬರೆಯುವುದು ನನ್ನ ಕೆಲಸ. ಒಂದು ದಿನ ರಿಪೋರ್ಟಿನ ವಿಷಯಕ್ಕೆ ಬಂದ ಮಕ್ಕಳ ಡಾಕ್ಟರನ್ನು ಎಣ್ಣೆಯ ಮಾತು ಕೇಳಿಯೇಬಿಟ್ಟೆ. ಅವರು ನಗಲಿಲ್ಲ. ಮಗು ಹೊಟ್ಟೆಯಲ್ಲಿರುವಾಗಲೇ ಈ ದ್ರವ ಮಿದುಳನ್ನು ತೋಯಿಸುತ್ತಿರುತ್ತದೆ, ಯಾವ ಜೀವಕೋಶ ಯಾವಾಗ ಬೆಳೆಯಬೇಕು, ಯಾವಾಗ ನರಕೋಶವಾಗಬೇಕು ಎಂಬುದಕ್ಕೆ ಇದರ ಪ್ರೋಟೀನುಗಳೂ ಸೂಚನೆ ಕೊಡುತ್ತವೆ ಎಂದರು. ಅಲ್ಲಿ ಏರುಪೇರಾದರೆ ಮಿದುಳು ಬೆಳೆಯುವ ರೀತಿಯೇ ಬದಲಾಗಬಹುದಂತೆ. ಆಟಿಸಂಗೂ ಇದಕ್ಕೂ ಎಷ್ಟು ನಂಟು ಎಂದು ಇನ್ನೂ ಹುಡುಕುತ್ತಿದ್ದಾರಂತೆ. ಖಚಿತವಾಗಿ ಹೇಳಿದ್ದು ಒಂದೇ: "ಎಣ್ಣೆಗೂ ಇದಕ್ಕೂ ಸಂಬಂಧ ಇಲ್ಲಮ್ಮ. ಯಾರ ತಪ್ಪೂ ಅಲ್ಲ."

ಯಾರ ತಪ್ಪೂ ಅಲ್ಲ ಎಂಬ ಮಾತು ನನಗೆ ಬೇಕಾಗಿರಲಿಲ್ಲ. ಅಕ್ಕನ ತಪ್ಪು ಎಂದುಕೊಂಡೇ ವರ್ಷಗಟ್ಟಲೆ ದಿನ ತಳ್ಳಿದ್ದೆ. ಅವಳು ವಾರವಾರ ತಲೆ ತಗ್ಗಿಸಿಕೊಂಡು ಬರುವುದು ನನಗೆ ಹಿತವಾಗಿತ್ತು. ಎಂಟು ತಿಂಗಳು ಬಾಯಿ ಬಿಡಲಿಲ್ಲ.

ಕೊನೆಗೆ ಒಂದು ಭಾನುವಾರ ಮಗಳು ತಾನಾಗಿಯೇ ದೊಡ್ಡಮ್ಮನ ಕೈ ಎಳೆದು ತಲೆಯ ಮೇಲೆ ಇಟ್ಟುಕೊಂಡಳು. ನನಗೆ ತಡೆಯಲಾಗಲಿಲ್ಲ. ಎಣ್ಣೆಯಿಂದ ಏನೂ ಆಗುವುದಿಲ್ಲ, ಎಲ್ಲ ಹುಟ್ಟುವ ಮೊದಲೇ ಆದದ್ದು, ಇನ್ನು ನೀನು ಬರಬೇಕಾಗಿಲ್ಲ ಎಂದು ಡಾಕ್ಟರ ಮಾತಿಗೆ ನನ್ನದನ್ನೂ ಸೇರಿಸಿ ಒದರಿದೆ.

ಡಾಕ್ಟರು ಯಾವಾಗ ಹೇಳಿದರು ಎಂದು ಅಕ್ಕ ಕೇಳಿದಳು. ಹೇಳಿದೆ.

ಅವಳ ಕೈ ನಿಂತಿತು. "ನೀನು ಆ ಎಣ್ಣೆ ಮಾತು ಅಂದಾಗಿಂದ ನಿನ್ಹತ್ರ ಫೋನಲ್ಲಿ ಮಾತಾಡುವಾಗ್ಲೆಲ್ಲ ನನ್ ಮಗಳ ಬಾಯಿ ಮುಚ್ಚಿಸ್ತಿದ್ದೆ ಕಣೇ. ಅವಳ ದನಿ ನಿಂಗೆ ಕೇಳಿಸ್ಬಾರ್ದು ಅಂತ."

ಜಡೆ ಹೆಣೆದು ಮುಗಿಸಿ, ಕೈ ತೊಳೆದುಕೊಂಡು ಹೊರಟುಹೋದಳು.

ಮುಂದಿನ ಭಾನುವಾರ ಬರಲಿಲ್ಲ. ಮಗಳು ಬೆಳಿಗ್ಗೆಯಿಂದ ಗೇಟಿನ ಸರಳು ಹಿಡಿದು ನಿಂತಿದ್ದಳು. ಊಟಕ್ಕೆ ಕರೆದರೂ ಬರಲಿಲ್ಲ, ಎಳೆದರೂ ಬಿಡಲಿಲ್ಲ. ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದೆ. ಎತ್ತಿದ್ದು ಅವಳ ಮಗಳು. "ಚಿಕ್ಕಮ್ಮಾ, ನಾನು ಇವತ್ತು..." ಎಂದವಳು ಥಟ್ಟನೆ ಬಾಯಿ ಮುಚ್ಚಿಕೊಂಡಳು.

"ಹೇಳು ಪುಟ್ಟಿ," ಎಂದೆ. "ಚಿಕ್ಕಮ್ಮ ಕೇಳ್ತೀನಿ."