ಟವಲ್ಲು ಹಾಕಿದ ಸೀಟು

ನನ್ನ ಸೋದರತ್ತೆ ಚಿಕ್ಕಮಲ್ಲಮ್ಮನನ್ನು ಹರವೆಯಲ್ಲಿ ಈಗ 'ಹನಿಮೂನ್ ಮಲ್ಲಮ್ಮ' ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಊರ ಬಾಯಿಗೆ ಬೀಗ ಹಾಕಲು ಯಾರಿಂದಾದೀತು? ಅತ್ತೆಗೆ ಐವತ್ತಾರು, ಮಾವ ಶಾಂತಮಲ್ಲಪ್ಪನವರಿಗೆ ಅರವತ್ತೊಂದು. ಮದುವೆಯಾಗಿ ಮೂವತ್ತನಾಲ್ಕು ವರ್ಷ. ಇಷ್ಟು ವರ್ಷದಲ್ಲಿ ಗಂಡ ಹೆಂಡತಿ ಬಸ್ಸಿನ ಒಂದೇ ಸೀಟಿನಲ್ಲಿ ಒಂದು ಸಲವೂ ಕೂತಿರಲಿಲ್ಲ ಎಂದರೆ ನೀವು ನಂಬಬೇಕು.

ಕಿಟಕಿಯಿಂದ ಟವಲ್ಲು ಎಸೆದು ಸೀಟು ಹಿಡಿಯುವುದರಲ್ಲಿ ಮಾವ ಎತ್ತಿದ ಕೈ. ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಅವರ ಟವಲ್ಲು ಒಳಗಿರುತ್ತಿತ್ತು. ಆದರೆ ಆ ಸೀಟಿನಲ್ಲಿ ಕೂರುತ್ತಿದ್ದವರು ಅವರ ಅಣ್ಣ ಗಂಗಾಧರಸ್ವಾಮಿ. ಅಣ್ಣ ಇಲ್ಲದಿದ್ದರೆ ಅಣ್ಣನ ಮಗ, ಅವನೂ ಇಲ್ಲದಿದ್ದರೆ ಬೀಗರು. ಅತ್ತೆ ಮಾತ್ರ ಮುಂದೆ ಹೆಂಗಸರ ನಡುವೆ ಕಂಬಿ ಹಿಡಿದು ನಿಲ್ಲಬೇಕು. ಮಾವ ಕೆಟ್ಟವರಲ್ಲ, ಯಾರಿಗೂ ಇಲ್ಲ ಅನ್ನಲು ಬಾರದವರು. ಸಾಲದ್ದಕ್ಕೆ ಕೂಡು ಕುಟುಂಬ; ಅಣ್ಣ ಎದುರಿಗಿದ್ದರೆ ಹೆಂಡತಿಯ ಜೊತೆ ಮಾತೇ ಇಲ್ಲ. ಅಣ್ಣ ಎದುರಿಗಿಲ್ಲದ ಹೊತ್ತು ಯಾವುದು, ಹೇಳಿ?

ನಾನು ನಯನಾ, ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸ. ಒಂದು ಭಾನುವಾರ ಅತ್ತೆಯ ಜಗುಲಿಯಲ್ಲಿ ಕೂತು ಫೋನಿನಲ್ಲಿ ಒಂದು ಕಾಟೇಜು ತೋರಿಸಿದೆ. ಕೇರಳದ ಕಲ್ಲಿಕೋಟೆಯ ಹತ್ತಿರ, ಕಡಲ ದಂಡೆಯಲ್ಲೇ. ಹೆಂಚಿನ ಮಾಡು, ಮುಂದೊಂದು ಉಯ್ಯಾಲೆ. ಜೋಡಿಗಳಿಗೆ ಮಾತ್ರ ಎಂದು ಬರೆದಿತ್ತು.

"ಇಬ್ರೇನಾ? ಇನ್ಯಾರ್ನೂ ಬುಡಲ್ವಾ?"

"ಬುಡಲ್ಲ ಅತ್ತೆ."

"ಅಣ್ಣ ತಮ್ಮ ಅಂತ ಯಾರೂ ಬರಂಗಿಲ್ಲ?"

"ಊಹೂಂ."

"ಅಂಗಾರೆ ಬುಕ್ ಮಾಡ್ಬುಡು ಕಣಮ್ಮಿ. ನಿಮ್ಮಾವನ್ ಪಕ್ಕ ಒಂದ್ಸಲ ಕೂತ್ಕಬೇಕು ನಾನು."

ಬುಕ್ ಮಾಡಿದೆ. ಆದರೆ ಮಾವ ಟೀ ಅಂಗಡಿಯಲ್ಲಿ ಹೇಳಿಬಿಟ್ಟರು. ನಮ್ಮ ಕಡೆ ಒಂದು ಮನೆಯವರು ಹೊರಟರೆಂದರೆ ಅದು ಯಾತ್ರೆ, ಯಾತ್ರೆಗೆ ನಂಟರಿಷ್ಟರನ್ನು ಕರೆಯಬೇಕಾಗಿಯೇ ಇಲ್ಲ. ಹೊರಡುವ ಬೆಳಿಗ್ಗೆ ಬಾಡಿಗೆ ಟೆಂಪೊ ಬಂದು ಮನೆ ಮುಂದೆ ನಿಂತಿತ್ತು. ಒಳಗೆ ಹನ್ನೊಂದು ಜನ, ಚಾಪೆ, ಪುಳಿಯೋಗರೆ ಡಬ್ಬಿ. ಮುಂದಿನ ಸೀಟಿನಲ್ಲಿ ಹೊಸ ಶಲ್ಯ ಹೊದ್ದ ಗಂಗಾಧರಸ್ವಾಮಿ. ಜೋಡಿಗಳ ಕಾಟೇಜಿಗೆ ಪುಳಿಯೋಗರೆ ಡಬ್ಬಿಯಂತೆ! ನನಗೆ ಮೈಯೆಲ್ಲ ಉರಿದುಹೋಯಿತು.

"ಅತ್ಕಳಿ, ಒತ್ತಾಯ್ತು," ಅಂದರು ಗಂಗಾಧರಸ್ವಾಮಿ.

ಅತ್ತೆ ಹತ್ತಲಿಲ್ಲ. "ಬಾವ, ನೀವೆಲ್ಲಾ ಮಾದಪ್ಪನ್ ಬೆಟ್ಟಕ್ ಓಗ್ಬುಟ್ ಬನ್ನಿ. ನಾವಿಬ್ರು ಬಸ್ಸಲ್ಲಿ ಓಯ್ತೀವಿ."

"ಈ ವಯಸ್ನಲ್ಲಿ ಇಬ್ರೇನಾ? ನಾಚ್ಕೆ ಆಗಲ್ವೇನವ್ವ?"

"ನಾ ಬೆಳ್ದಿರ ಚೆಂಡೂವು ವರ್ಸ ವರ್ಸ ಓಣಂಗೆ ಕೇರಳಕ್ ಓಯ್ತದೆ. ಊವಿಗಿಲ್ದಿರ ನಾಚ್ಕೆ ನಂಗ್ಯಾಕೆ?"

ಟೆಂಪೊದೊಳಗೆ ಯಾರೋ ಕಿಸಕ್ಕೆಂದರು. ಗಂಗಾಧರಸ್ವಾಮಿ ಬಿಡುವ ಆಸಾಮಿಯೇ? ದೂರದ ಊರು, ಭಾಷೆ ಬರದು, ಹಿರಿಯನಾಗಿ ನಾನು ಜೊತೆಗಿರಬೇಕು ಎನ್ನುತ್ತಾ ಟೆಂಪೊ ಇಳಿದರು. ಅತ್ತೆ ಮಾವನನ್ನು ಬಸ್ಸು ಹತ್ತಿಸಲೆಂದು ನಾನು ಕರೆಸಿದ ಆಟೊದಲ್ಲಿ ನಮ್ಮ ಜೊತೆಗೇ, ಡ್ರೈವರ್ ಪಕ್ಕ ಕೂತು ಗುಂಡ್ಲುಪೇಟೆವರೆಗೂ ಬಂದರು. ಮಾವ ಎಂದಿನಂತೆ ತಲೆ ತಗ್ಗಿಸಿದ್ದರು. ನನಗೆ ಅಳು ಬರುವುದೊಂದು ಬಾಕಿ.

ಕಲ್ಲಿಕೋಟೆ ಬಸ್ಸು ತುಂಬಿಕೊಂಡೇ ಬಂತು. ಮಾವನ ಟವಲ್ಲು ಕಿಟಕಿಯೊಳಗೆ ಹಾರಿತು, ಇಬ್ಬರ ಸೀಟು ಸಿಕ್ಕಿತು. ನಾವು ನುಗ್ಗಿ ಹತ್ತುವಷ್ಟರಲ್ಲಿ ಗಂಗಾಧರಸ್ವಾಮಿ ಆ ಟವಲ್ಲನ್ನು ತೊಡೆ ಮೇಲೆ ಹಾಕಿಕೊಂಡು ಕಿಟಕಿ ಪಕ್ಕ ಕೂತಾಗಿತ್ತು.

"ಬಾ ಲಾ ಶಾಂತ, ಕೂತ್ಕೊ," ಎಂದು ತಮ್ಮನನ್ನು ಕರೆದರು. "ನೀನು ಮುಂದೆ ಎಂಗಸ್ರ ಕಡೆ ಓಗವ್ವ."

ಅತ್ತೆ ಕದಲಲಿಲ್ಲ. ಬ್ಯಾಗು ಕೆಳಗಿಟ್ಟು ಮಾವನ ಮುಖವನ್ನೇ ನೋಡಿದರು.

"ಯೋಳಿ," ಅಂದರು. "ನಾನೀಗ ಮುಂದಕ್ಕೋಗ್ಲಾ, ಮನೆಗೋಗ್ಲಾ?"

ಕಂಡಕ್ಟರು ಸೀಟಿ ಊದಿದ. ಅಣ್ಣನೆದುರು ಒಂದು ದಿನವೂ ದನಿ ಎತ್ತದ ಮನುಷ್ಯ, ಅಣ್ಣನ ತೊಡೆ ಮೇಲಿನ ಟವಲ್ಲನ್ನು ಎಳೆದುಕೊಂಡರು.

"ಏಳಣ್ಣ. ಇದು ನಿಂಗ್ ಆಕಿದ್ ಟವಲ್ಲಲ್ಲ. ನನ್ ಎಡ್ತಿಗ್ ಆಕಿದ್ದು."

ಗಂಗಾಧರಸ್ವಾಮಿ ಎದ್ದರು. ಏಳದೆ ಏನು ಮಾಡುತ್ತಾರೆ? ಬಸ್ಸಿಗೆ ಬಸ್ಸೇ ಅವರನ್ನು ನೋಡುತ್ತಿತ್ತು. ಅವರೂ ನಾನೂ ಇಳಿದೆವು. ಅತ್ತೆ ಕಿಟಕಿ ಪಕ್ಕ ಕೂತರು, ಅವರ ಪಕ್ಕ ಮಾವ. ನನಗಂತೂ ಹೊಟ್ಟೆ ತುಂಬಿದಂತಾಯಿತು.

ಸಂಜೆ ಫೋನು ಮಾಡಿದೆ. "ಕಡಲು ಎಂಗದೆ ಅತ್ತೆ?"

"ಉಯ್ಯಾಲೆ ಮ್ಯಾಲೆ ಕೂತಿವಿ. ಕಡಲಾ ಇನ್ನೂ ಸರ್ಯಾಗಿ ನೋಡಿಲ್ಲ ಕಣಮ್ಮಿ. ಬಸ್ಸಲ್ಲಿ ಮಾತು ಸುರು ಮಾಡ್ದೋರು ನಿಮ್ಮಾವ, ಇನ್ನೂ ನಿಲ್ಸಿಲ್ಲ. ಕಡಲೆಲ್ಲಿಗ್ ಓಯ್ತದೆ, ನಾಳೆ ನೋಡ್ತೀವಿ. ಈಗ ಫೋನ್ ಮಡಗು."