ವತ್ಸಲಾ ಅವರನ್ನು ಹುಡುಕಿಕೊಂಡು ತಿರುವೊಟ್ಟಿಯೂರಿಗೆ

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ ನಾನು, ಮಗಳು ಸಿಂಧು ಮಾಂಬಲಂ ಸ್ಟೇಷನ್ನಿನಲ್ಲಿ ಎಲೆಕ್ಟ್ರಿಕ್ ಟ್ರೇನ್ ಹತ್ತಿದೆವು. ಹೊರಟದ್ದು ತಿರುವೊಟ್ಟಿಯೂರಿಗೆ. ಟಿ. ನಗರದ ನಮ್ಮ ಮನೆಯಿಂದ ಹೆಚ್ಚೆಂದರೆ ಹದಿನೆಂಟು ಕಿಲೋಮೀಟರ್. ಇಷ್ಟಕ್ಕೆ ಪ್ರವಾಸವೆಂದು ಹೆಸರಿಟ್ಟರೆ ನಗುವವರು ನಗಲಿ. ಮದುವೆಯಾಗಿ ಮದರಾಸಿಗೆ ಬಂದ ಹದಿನಾರು ವರ್ಷಗಳಲ್ಲಿ ತಿರುಪತಿಗೆ ಒಂಬತ್ತು ಸಲ, ಕನ್ಯಾಕುಮಾರಿಗೆ ಎರಡು ಸಲ ಹೋಗಿದ್ದೆ. ಊರೊಳಗೇ ಇರುವ ಪ್ಯಾರಿಸ್ ಕಾರ್ನರ್ ದಾಟಿ ಉತ್ತರಕ್ಕೆ ಒಮ್ಮೆಯೂ ಹೋಗಿರಲಿಲ್ಲ.

ಹೊರಡಲು ಕಾರಣ ಇಂಟರ್ನೆಟ್ಟು. ಆಗಿನ್ನೂ ನಮ್ಮ ಮನೆಗೆ ಅದು ಬಂದಿರಲಿಲ್ಲ. ನಾನು ಕೆಲಸ ಮಾಡುವ ಬ್ಯಾಂಕಿನಿಂದ ಬರುವ ದಾರಿಯಲ್ಲಿ ಒಂದು ಬ್ರೌಸಿಂಗ್ ಸೆಂಟರ್ ಇತ್ತು, ಗಂಟೆಗೆ ಇಪ್ಪತ್ತು ರೂಪಾಯಿ. ಅಲ್ಲಿ ಕೂತು ನಾನು ಕನ್ನಡಿಗರ ಒಂದು ಮೇಲ್ ಗುಂಪಿನಲ್ಲಿ ಬರುವುದನ್ನೆಲ್ಲ ಓದುತ್ತಿದ್ದೆ. ಬಿಸಿಬೇಳೆಬಾತಿಗೆ ಈರುಳ್ಳಿ ಹಾಕಬೇಕೇ ಬೇಡವೇ ಎಂದು ಜಗತ್ತಿನ ಐದಾರು ದೇಶಗಳ ಜನ ಹನ್ನೊಂದು ದಿನ ಜಗಳವಾಡಿದ್ದನ್ನು ಅಲ್ಲಿಯೇ ಕಂಡದ್ದು. ಆ ಜಗಳದ ನಡುವೆ ಉಷಾ ಎಂಬವರ ನಾಲ್ಕು ಸಾಲಿನ ಪತ್ರವಿತ್ತು. ಅವರ ತಾಯಿ ಕಮಲಾ ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದರಂತೆ. ಜೊತೆಗೆ ಕೆಲಸ ಮಾಡಿದ ವತ್ಸಲಾ ಎಂಬವರ ಹತ್ತಿರ ಒಂದು ಸಲ ಮಾತಾಡಬೇಕು ಎಂದು ಈಚೆಗೆ ದಿನವೂ ಹೇಳುತ್ತಾರಂತೆ. ವತ್ಸಲಾ ಕಳಿಸಿದ್ದ ಹಳೆಯ ಮದುವೆಪತ್ರವೊಂದೇ ಆಧಾರ. 'ತಿರುವೊಟ್ಟಿಯೂರು, ಗುಡಿಯ ಹಿಂದಿನ ಬೀದಿ, ಹಿಟ್ಟಿನ ಗಿರಣಿಯ ಪಕ್ಕ. ಚೆನ್ನೈಯಲ್ಲಿ ಯಾರಾದರೂ ಇದ್ದೀರಾ?'

ಯಾರೂ ಉತ್ತರಿಸಿರಲಿಲ್ಲ. ಎಲ್ಲರೂ ಈರುಳ್ಳಿಯ ಗಡಿಬಿಡಿಯಲ್ಲಿದ್ದರು. 'ನಾನಿದ್ದೇನೆ' ಎಂದು ಬರೆದುಬಿಟ್ಟೆ. ಬರೆದ ಮೇಲೆ ಹೋಗಲೇಬೇಕಾಯಿತು.

"ಸಂಡೇ ಒಂದು ದಿನ ನಿಮ್ಮದಿಯಾಗಿ ಇರಕ್ಕಾಗಲ್ವಾ ಮಾ? ವೆಯಿಲು ಬೇರೆ ಕೊಲ್ತಿದೆ," ಎಂದರು ನನ್ನವರು. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಮನೆತನ. ಅವರ ಕನ್ನಡದಲ್ಲಿ ನೆಮ್ಮದಿ ತಮಿಳಾಗಿ, ಬಿಸಿಲು ವೆಯಿಲಾಗಿ ಎಷ್ಟೋ ಕಾಲವಾಗಿದೆ. ಹದಿಮೂರರ ಸಿಂಧುವಿಗಂತೂ ಕನ್ನಡ ಕಿವಿಗೆ ಮಾತ್ರ, ಬಾಯಿಗೆ ತಮಿಳು. ನಾನು ತುಮಕೂರಿನ ಕನ್ನಡದಲ್ಲಿ ಬೈಯುವುದು, ಅವಳು ತಮಿಳಿನಲ್ಲಿ ಎದುರಾಡುವುದು ನಮ್ಮ ಮನೆಯ ನಿತ್ಯದ ವ್ಯವಹಾರ.

ಬೀಚ್ ಸ್ಟೇಷನ್ನಿನಲ್ಲಿ ಇಳಿದು, ಪ್ಯಾರಿಸ್ ಕಾರ್ನರ್‌ವರೆಗೆ ನಡೆದು ಬಸ್ಸು ಹಿಡಿದೆವು. ರಾಯಪುರಂ ದಾಟಿದ ಮೇಲೆ ಬಲಕ್ಕೆ ಸಮುದ್ರ ಕಾಣಿಸಿತು. ಅದು ಮರೀನಾದ ಸಮುದ್ರವಲ್ಲ. ಮರಳಿಲ್ಲ, ಕಡಲೆಯ ಸುಂಡಲ್ ಮಾರುವವರಿಲ್ಲ; ಅಲೆಗೆ ಅಡ್ಡವಾಗಿ ಕಪ್ಪು ಬಂಡೆ ಸುರಿದಿದ್ದರು, ಅದರ ಮೇಲೆ ಮೀನಿನ ಬಲೆ ಒಣಗುತ್ತಿತ್ತು. ಕಾಸಿಮೇಡಿನ ಮೀನಿನ ವಾಸನೆಗೆ ಸಿಂಧು ದುಪಟ್ಟಾ ಮೂಗಿಗೇರಿಸಿದಳು. ಪಕ್ಕದಲ್ಲಿ ಖಾಲಿ ಬುಟ್ಟಿ ಹಿಡಿದು ಕೂತಿದ್ದ ಹೆಂಗಸು ಅದನ್ನು ನೋಡಿ ನಕ್ಕು, "ನಾಲು ನಾಳ್ ಇರು ಕಣ್ಣು, ಪಳಗಿಡುಂ," ಅಂದಳು. ನಾಲ್ಕು ದಿನ ಇದ್ದರೆ ರೂಢಿಯಾಗುತ್ತದಂತೆ. ಹದಿನಾರು ವರ್ಷದ ಹಿಂದೆ ನನಗೂ ಯಾರೋ ಹೀಗೆಯೇ ಹೇಳಿದ್ದರು, ಮೀನಿಗಲ್ಲ, ಊರಿಗೆ.

ಮುಂದೆ ಬಂದರಿಗೆ ಹೋಗುವ ಕಂಟೇನರ್ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಡ್ರೈವರುಗಳು ಲಾರಿಯ ಕೆಳಗೆ ಅಡುಗೆ ಮಾಡಿ, ಬಟ್ಟೆ ಒಗೆದು ಒಣಹಾಕಿದ್ದರು. ನಮ್ಮ ಬಸ್ಸು ಮೂರು ಕಿಲೋಮೀಟರಿಗೆ ನಲವತ್ತು ನಿಮಿಷ ತೆಗೆದುಕೊಂಡಿತು.

ತಿರುವೊಟ್ಟಿಯೂರಿನಲ್ಲಿ ಗುಡಿ ಸುಲಭವಾಗಿ ಸಿಕ್ಕಿತು, ಹಿಂದಿನ ಬೀದಿಯೂ ಸಿಕ್ಕಿತು, ಗಿರಣಿ ಸಿಗಲಿಲ್ಲ. ಎರಡು ಸಲ ಬೀದಿ ಅಳೆದೆವು. ಕೊನೆಗೆ ಸಿಂಧು ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬಳನ್ನು ಕೇಳಿದಳು. ಆಕೆ ಎದುರಿನ ಕಟ್ಟಡ ತೋರಿಸಿದಳು. ಗಿರಣಿ ಇದ್ದ ಜಾಗದಲ್ಲಿ ಈಗ ಬ್ರೌಸಿಂಗ್ ಸೆಂಟರ್! ಗಂಟೆಗೆ ಹದಿನೈದು ರೂಪಾಯಿ. ಪಕ್ಕದ ಮನೆಯ ಬಾಗಿಲು ತೆರೆದೇ ಇತ್ತು.

ತೆಳ್ಳನೆಯ, ನೆಟ್ಟನೆಯ ಹೆಂಗಸು ಅಕ್ಕಿ ಆರಿಸುತ್ತ ಕೂತಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ನಾನು ಕನ್ನಡದಲ್ಲಿ, "ವತ್ಸಲಾ ಅವರಾ?" ಎಂದೆ. ಮೊರ ಕೆಳಗಿಟ್ಟು ನನ್ನನ್ನೇ ನೋಡಿದರು.

"ಬನ್ನಿ, ಉಳ್ಳೆ ಬನ್ನಿ... ಅಲ್ಲ, ಒಳಗೆ ಬನ್ನಿ," ಎಂದು ತಿದ್ದಿಕೊಂಡರು. "ನಮ್ಮ ಯಜಮಾನ್ರು ಹೋಗಿ ಎಂಟು ವರ್ಷ. ಮಗ, ಸೊಸೆ ಎಲ್ಲ ತಮಿಳೇ. ಕನ್ನಡ ಆಡಿ ಆಡಿ ಅಲ್ಲ, ಆಡದೇನೇ ಬಾಯಿ ತುಕ್ಕು ಹಿಡಿದಿದೆ."

ಮಜ್ಜಿಗೆ ಕೊಟ್ಟರು, ಬಿಸಿ ಇಡ್ಲಿ ಕೊಟ್ಟರು. ಕಮಲಾ ಅವರ ಹೆಸರು ಹೇಳಿದಾಗ ಮಾತ್ರ ಬಡಿಸುತ್ತಿದ್ದ ಕೈ ನಿಂತಿತು.

"ಅವಳಿಗೆ ಈಗ ನಾನು ಯಾಕೆ?"

ನನಗೆ ಗೊತ್ತಿಲ್ಲವೆಂದೆ. ಹಾಗಾದರೆ ಕೇಳಿ ಎಂದು ಹೇಳತೊಡಗಿದರು. ಅವರಿಬ್ಬರೂ ಕೆಲಸ ಮಾಡುತ್ತಿದ್ದ ಊರಿನ ಹೆಸರು ಬರೆಯುವುದಿಲ್ಲ, ಚಿಕ್ಕ ಊರು. ಒಂದು ಸಂಜೆ ಕಮಲಾ ಎರಡು ಮನೆತನಗಳ ಟ್ರಂಕ್ ಕಾಲ್ ಕದ್ದು ಕೇಳಿದ್ದರು. ಮರುದಿನ ಆ ಮಾತು ಊರೆಲ್ಲ ಹರಡಿ ಒಂದು ಮದುವೆ ಮುರಿಯಿತು. ವಿಚಾರಣೆ ನಡೆಯಿತು. ಕಾಲ್ ಬಂದದ್ದು ವತ್ಸಲಾ ಅವರ ಬೋರ್ಡಿಗೆ. ಅವರು ಐದು ನಿಮಿಷ ನೀರು ಕುಡಿಯಲು ಎದ್ದಾಗ ಕಮಲಾ ಅಲ್ಲಿ ಕೂತಿದ್ದರು. ಕಮಲಾ ತುಟಿ ಬಿಚ್ಚಲಿಲ್ಲ, ವತ್ಸಲಾ ಅವರ ಕೆಲಸ ಹೋಯಿತು. ಮದರಾಸಿನ ಸೋದರತ್ತೆಯ ಮನೆ ಸೇರಿ, ಕಾರ್ಖಾನೆಯೊಂದರ ಸ್ವಿಚ್‌ಬೋರ್ಡಿನಲ್ಲಿ ಕೂತರು.

"ಕೆಲಸ ಹೋದದ್ದಕ್ಕೆ ಕೋಪ ಇಲ್ಲಮ್ಮ. ಇಲ್ಲಿಗೆ ಬಂದಿದ್ದಕ್ಕೇ ನಮ್ಮ ಯಜಮಾನ್ರು ಸಿಕ್ಕಿದ್ದು. ಆದ್ರೆ ನಾನು ಬಂದ ಆರೇ ತಿಂಗಳಿಗೆ ಅಲ್ಲಿ ಅಪ್ಪ ಆಸ್ಪತ್ರೇಲಿ ತೀರಿಕೊಂಡ್ರು. ನಾನೊಬ್ಬಳೇ ಮಗಳು. ತಂತಿ ಬಂದು, ನಾನು ಹೋಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು."

"ಆಮೇಲೆ ಮದುವೆಪತ್ರ ಕಳಿಸಿದಿರಲ್ಲ?"

"ಕಳಿಸ್ದೆ. ಬರ್ತಾಳೇನೋ, ಬಂದು ಒಂದು ಮಾತು ಹೇಳ್ತಾಳೇನೋ ಅಂತ. ಬರ್ಲಿಲ್ಲ."

ಸಿಂಧು ಇಡ್ಲಿ ತಿನ್ನುವುದನ್ನು ಮರೆತು ಕೂತಿದ್ದಳು. ಮನೆಯಲ್ಲಿ ಫೋನ್ ಇರಲಿಲ್ಲ. ಮಗ ಹಾಕಿಸುತ್ತೇನೆಂದರೂ ಇವರು ಬೇಡವೆಂದಿದ್ದರಂತೆ: "ಮೂವತ್ತು ವರ್ಷ ಊರವರ ಮಾತಿಗೆ ಮಾತು ಜೋಡಿಸಿದ್ದು ಸಾಕು." ಬೀದಿಯ ಮೂಲೆಯಲ್ಲಿ ಎಸ್‌ಟಿಡಿ ಬೂತ್ ಇರುವುದನ್ನು ನಾನು ನೋಡಿದ್ದೆ. ಹೇಳಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಹೇಳಿದೆ.

"ನಾನು ಏನೂ ಮಾತಾಡಲ್ಲ," ಎಂದರು ಖಡಾಖಂಡಿತವಾಗಿ. ಆರಿಸಿದ ಅಕ್ಕಿಯನ್ನು ಡಬ್ಬಿಗೆ ಸುರಿದು ಎದ್ದರು. "ಅವಳು ಬೇಕಾದ್ರೆ ಹೇಳ್ಕೊಳ್ಳಲಿ. ಕೇಳಿಸ್ಕೊಳ್ತೀನಿ. ನಡೀರಿ."

ಬೂತಿನಲ್ಲಿ, ಉಷಾ ಮೇಲ್‌ನಲ್ಲಿ ಕಳಿಸಿದ್ದ ನಂಬರನ್ನು ನಾನೇ ಒತ್ತಿದೆ. ಉಷಾ ತೆಗೆದುಕೊಂಡು, ಒಂದು ಸಲ ಕಿರುಚಿ, ತಾಯಿಗೆ ಕೊಟ್ಟರು. ನಾನು ರಿಸೀವರನ್ನು ವತ್ಸಲಾ ಅವರ ಕೈಗಿತ್ತೆ. ಅವರು ಹಲೋ ಅನ್ನಲೂ ಇಲ್ಲ. ಕಿವಿಗೊತ್ತಿಕೊಂಡು ಗೋಡೆ ನೋಡುತ್ತ ನಿಂತರು. ಆ ಕಡೆಯ ಸ್ವರ ನನಗೂ ಸಣ್ಣಗೆ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ; ಅಳುತ್ತಿರುವುದು ಮಾತ್ರ ತಿಳಿಯುತ್ತಿತ್ತು. ಎರಡು ನಿಮಿಷ, ಮೂರು ನಿಮಿಷ. ಈಗ ಇಟ್ಟುಬಿಡುತ್ತಾರೆ ಎಂದುಕೊಂಡೆ. ಸುಮ್ಮನಿದ್ದ ಗಾಯವನ್ನು ಕೆರೆಯಲು ನಾನ್ಯಾರು ಎಂಬ ಪ್ರಶ್ನೆ ಆಗ ಬಂತು. ಮನೆಯಲ್ಲಿ ಕೂತಾಗ ಬರಬೇಕಿತ್ತು.

ಒಮ್ಮೆಲೇ ವತ್ಸಲಾ ಅವರು, "ಏನಂದೆ?" ಎಂದರು. "ನೀನು ಹೋಗಿದ್ಯಾ? ಆಸ್ಪತ್ರೆಗಾ?" ಬೂತಿನ ಅಂಚನ್ನು ಹಿಡಿದುಕೊಂಡರು. "ದಿನಾ ಹೋಗಿದ್ಯಾ?... ತಾಳು. ಅಳಬೇಡ. ಅಪ್ಪ ಹೇಗಿದ್ರು, ಅದನ್ನ ಹೇಳು. ಮೊದಲಿಂದ ಹೇಳು."

ನಾನು ಹೊರಗೆ ಬಂದು ಗಾಜಿನ ಬಾಗಿಲು ಮುಚ್ಚಿದೆ. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ನಾವಿಬ್ಬರೂ ಬಿಸಿಲಿನಲ್ಲಿ ನಿಂತಿದ್ದೆವು. ಸಿಂಧು ಒಂದು ಸಲವೂ ಮನೆಗೆ ಹೋಗೋಣ ಎನ್ನಲಿಲ್ಲ.

ಹೊರಗೆ ಬಂದಾಗ ಅವರ ಸೀರೆಯ ಸೆರಗು ಒದ್ದೆಯಾಗಿತ್ತು. ನನ್ನನ್ನು ಬಿಟ್ಟು ಸಿಂಧುವಿಗೆ ಹೇಳಿದರು: "ಕೊನೇ ದಿನ ಅಪ್ಪ ಕಾಫಿ ಕೇಳಿದ್ರಂತೆ ಪುಟ್ಟಿ. ಡಾಕ್ಟರು ಬೇಡ ಅಂದಿದ್ರಂತೆ. ಇವಳು ಕದ್ದು ತಂದುಕೊಟ್ಟಳಂತೆ. ಚೆನ್ನಾಗಿದೆ ಅಂದ್ರಂತೆ."

"ಒಳ್ಳೇದಾಯ್ತು, ಅಜ್ಜಿ," ಎಂದಳು ಸಿಂಧು. ಕನ್ನಡದಲ್ಲಿಯೇ.

ಕಮಲಾ ಅವರನ್ನು ಕ್ಷಮಿಸಿದರೋ ಇಲ್ಲವೋ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಊಟಕ್ಕೆ ನಿಲ್ಲಿರೆಂದು ಒತ್ತಾಯ ಮಾಡಿದರು. ಮುಂದಿನ ಸಲ ಎಂದು ಬಸ್‌ಸ್ಟಾಪಿಗೆ ನಡೆದೆವು, ಅವರೂ ಜೊತೆಗೆ ಬಂದು ಬಸ್ಸು ಹತ್ತಿಸಿದರು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ತಿರುಗುವಾಗ ಕೈ ಬೀಸೋಣವೆಂದು ತಲೆ ಹೊರಹಾಕಿದೆ. ಅವರು ನಮ್ಮ ಕಡೆ ನೋಡುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮತ್ತೆ ಬೂತಿನ ಕಡೆಗೆ ಬೇಗಬೇಗ ನಡೆಯುತ್ತಿದ್ದರು.