ಅಂದಾಜು ಮಾವ ‘ಕಷ್ಟ’ ಅಂದರೆ

ಕಾಲೇಜಿನ ಗೇಟಿನ ಪಕ್ಕ ಮೇಜು ಹಾಕಿಕೊಂಡು ಪ್ರವೇಶದ ಅರ್ಜಿ ಹಂಚುವ ಜವಾನರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇತ್ತು, ಅದು ಯಾರಿಗೂ ಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವರು ಎಲ್ಲರಿಗೂ ಅಂದಾಜು ಮಾವ. ಅಂಕಪಟ್ಟಿ ಕೊಟ್ಟರೆ ಸಾಕು, ಕೈ ಚಾಚಿ ದೂರ ಹಿಡಿದು, ಬಾಯಲ್ಲೇ ಕೂಡಿಕೊಂಡು, ಕನ್ನಡಕದ ಮೇಲಿಂದ ನೋಡಿ ಒಂದೇ ಮಾತು ಹೇಳುತ್ತಿದ್ದರು. ಒಂದೋ ‘ಆಗುತ್ತೆ’, ಇಲ್ಲವೇ ‘ಕಷ್ಟ’. ‘ಆಗಲ್ಲ’ ಎಂದು ಯಾರ ಮುಖಕ್ಕೂ ಹೇಳಿದವರಲ್ಲ, ಅಂಥ ಕಲ್ಲು ಮನಸ್ಸು ಅವರದಲ್ಲ. ಆದರೆ ಹೆತ್ತವರು ‘ಕಷ್ಟ’ ಎಂದರೆ ಮುಗಿಯಿತು ಎಂದೇ ತಿಳಿದು, ಅರ್ಜಿಯನ್ನೂ ತೆಗೆದುಕೊಳ್ಳದೆ ಮಕ್ಕಳನ್ನು ಕರೆದುಕೊಂಡು ವಾಪಸು ಹೋಗುತ್ತಿದ್ದರು. ಪಾಪ, ಸುಮ್ಮನೆ ಅಲೆಯುವುದು ತಪ್ಪಿತಲ್ಲ ಎಂದು ಮಾವನಿಗೆ ಸಮಾಧಾನ.

ಈ ಅಂದಾಜು ಅವರಿಗೆ ಆಕಾಶದಿಂದ ಉದುರಿದ್ದಲ್ಲ. ಆಯ್ಕೆಯಾದವರ ಪಟ್ಟಿಯನ್ನು ಬೋರ್ಡಿಗೆ ಅಂಟಿಸುವವರೂ ಅವರೇ. ಅಂಟಿಸುವಾಗ ಕೊನೆಯ ಹೆಸರಿನ ಮುಂದಿದ್ದ ಅಂಕ ನೋಡಿಕೊಳ್ಳುವರು. ಶೇಕಡಾ ಅರವತ್ತರ ಆಸುಪಾಸು. ಮಾರನೆಯ ದಿನವೇ ಅವರನ್ನು ಹಿಂದಿನ ಕಟ್ಟಡಕ್ಕೆ, ಮರುಪರೀಕ್ಷೆಯ ಗಂಟೆ ಹೊಡೆಯುವ ಕೆಲಸಕ್ಕೆ ಹಾಕುತ್ತಿದ್ದರು. ಮೂರು ವಾರ ಬಿಟ್ಟು ಬಂದರೆ ಬೋರ್ಡು ಬೋಳು. ಹಾಗಾಗಿ ಅರವತ್ತು ಎಂದರೆ ಅರವತ್ತು, ಅವರ ಪಾಲಿಗೆ ಅದೇ ಶಾಸನ.

ಈ ವರ್ಷ ಅವರ ಒಬ್ಬಳೇ ಮಗಳ ಅಂಕಪಟ್ಟಿ ಬಂತು. ಶೇಕಡಾ ನಲವತ್ತೊಂಬತ್ತು. ಹುಡುಗಿಗೆ ಸಸ್ಯಶಾಸ್ತ್ರ ಓದುವ ಹುಚ್ಚು. ಮೆಟ್ಟಿಲ ತುಂಬ ಎಣ್ಣೆ ಡಬ್ಬಗಳಲ್ಲಿ ಗಿಡ ಬೆಳೆಸಿ, ಮನೆಗೆ ಬಂದವರೆಲ್ಲ ಎಡವುವಂತೆ ಮಾಡಿದ್ದಳು. ಮಾವ ಅವಳ ಅಂಕಪಟ್ಟಿಯನ್ನೂ ಗೇಟಿನಲ್ಲಿ ಹಿಡಿದ ಹಾಗೇ ದೂರ ಹಿಡಿದರು.

“ಕಷ್ಟ ಕಣಮ್ಮ.”

“ಅರ್ಜಿನಾದ್ರೂ ಹಾಕ್ಲಾ ಅಪ್ಪ?”

“ಇಷ್ಟು ವರ್ಷದಿಂದ ನೋಡ್ತಿದ್ದೀನಲ್ಲ ಪುಟ್ಟಿ. ಸುಮ್ನೆ ಆಸೆ ಇಟ್ಕೊಂಡು ಆಮೇಲೆ ಅಳೋದು ಬೇಡ.”

ಮಗಳು ಅಳಲಿಲ್ಲ. ಮುಂದಿನ ಸೋಮವಾರ ಎರಡು ಬೀದಿ ಆಚೆ, ಮಾತ್ರೆಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಗೆ ಕೆಲಸಕ್ಕೆ ಹೋದಳು. ಹೆಂಡತಿ ಮಾತ್ರ ತಟ್ಟೆ ಕುಕ್ಕುತ್ತ, “ಊರಿಗೆಲ್ಲ ಹೇಳಿದ್ದು ಸಾಲ್ದು ಅಂತ ಮನೇಲೂ ಹೇಳಿದ್ರಾ?” ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಹೊಸದಾಗಿ ಬಂದ ಸೂಪರಿಂಟೆಂಡೆಂಟ್ ಮೇಡಂ ಈ ಸಲ ಮಾವನನ್ನು ಪರೀಕ್ಷೆಯ ಕೆಲಸಕ್ಕೆ ಕಳಿಸದೆ ಕಚೇರಿಯಲ್ಲೇ ಇರಿಸಿಕೊಂಡರು. ಒಂದು ಮಧ್ಯಾಹ್ನ ಬೀರುವಿನಿಂದ ಹಳೆಯ ಪಟ್ಟಿಗಳ ಕಟ್ಟು ತರಲು ಹೇಳಿದರು. ಧೂಳು ಕೊಡವುತ್ತ ಮಾವ ಮೇಲಿನ ಹಾಳೆ ಓದಿದರು. ‘ಮೂರನೇ ಪಟ್ಟಿ, ಸಸ್ಯಶಾಸ್ತ್ರ.’ ಕೊನೆಯ ಹೆಸರಿನ ಮುಂದೆ ನಲವತ್ತೆರಡು.

“ಮೇಡಂ, ಇದೇನೋ ತಪ್ಪು ಅಚ್ಚಾಗಿದೆ.”

“ತಪ್ಪೇನಿಲ್ಲ. ಮೊದಲನೇ ಪಟ್ಟಿಯವರು ಅರ್ಧ ಜನ ಬೇರೆ ಕಾಲೇಜಿಗೆ ಹೋಗ್ತಾರೆ. ಮೂರನೇದು ಬರೋ ಹೊತ್ತಿಗೆ ಪಾಸಾದವರಿಗೆಲ್ಲ ಸಿಗುತ್ತೆ. ಆದ್ರೂ ಹೋದ ವರ್ಷ ಒಂಬತ್ತು ಸೀಟು ಖಾಲಿ. ಕಡಿಮೆ ಅಂಕದ ಮಕ್ಕಳು ನಮ್ಮಲ್ಲಿ ಅರ್ಜಿನೇ ಹಾಕಲ್ಲ, ಯಾಕೋ ಗೊತ್ತಾಗ್ತಿಲ್ಲ. ಈ ವರ್ಷ ಉಳಿದ ಸೀಟಿಗೆ ಇವತ್ತು ಐದು ಗಂಟೆ ತನಕ ಅರ್ಜಿ ತಗೋತೀವಿ, ನೋಡೋಣ.”

ಮಾವನ ಕೈಜಾರಿ ಕಟ್ಟು ನೆಲಕ್ಕೆ ಬಿತ್ತು. ಯಾಕೋ ಗೊತ್ತಾಗುತ್ತಿಲ್ಲವಂತೆ! ಗೊತ್ತಿದ್ದ ಮನುಷ್ಯ ಎದುರಿಗೇ ನಿಂತಿದ್ದ. ಅಯ್ಯೋ, ಇಪ್ಪತ್ತೆರಡು ವರ್ಷ! ಎಷ್ಟು ಮಕ್ಕಳನ್ನು ಗೇಟಿನಿಂದಲೇ ತಿರುಗಿಸಿ ಕಳಿಸಿಬಿಟ್ಟೆ ಎಂದು ಎಣಿಸಲು ಹೋಗಿ ಲೆಕ್ಕವೇ ತಪ್ಪಿತು. ಗಡಿಯಾರದಲ್ಲಿ ನಾಲ್ಕೂ ಹತ್ತು. ಒಂದು ಅರ್ಜಿ ಎಳೆದುಕೊಂಡವರೇ ಬಿದ್ದೆನೋ ಎದ್ದೆನೋ ಎಂದು ಓಡಿದರು.

ಕಾರ್ಖಾನೆಯಲ್ಲಿ ಉದ್ದನೆಯ ಮೇಜಿನ ಎರಡೂ ಕಡೆ ತಲೆಗೆ ಟೋಪಿ ಹಾಕಿಕೊಂಡ ಹೆಂಗಸರು ಡಬ್ಬಿ ತುಂಬುತ್ತಿದ್ದರು. ಮಾವ ಏದುಸಿರು ಬಿಡುತ್ತ ಅರ್ಜಿಯನ್ನು ಮಗಳ ಮುಂದೆ ಇಟ್ಟರು.

“ಬೇಗ ಸಹಿ ಹಾಕು. ನಿಂಗೆ ಸಿಗುತ್ತೆ.”

“ಕಷ್ಟ ಅಂತ ನೀನೇ ಅಂದಿದ್ದಲ್ವಾ ಅಪ್ಪ?”

“ನಂಗೇ ಗೊತ್ತಿರ್ಲಿಲ್ಲ ಕಣೇ! ನಾನು ನೋಡಿದ್ದು ಮೊದಲನೇ ಪಟ್ಟಿ ಮಾತ್ರ. ನಲವತ್ತೆರಡಕ್ಕೂ ಕೊಟ್ಟಿದ್ದಾರೆ!”

ಮೇಜಿನ ಮೇಲಿನ ಕೈಗಳು ನಿಂತವು. ಅಲ್ಲಿನ ಮೇಲ್ವಿಚಾರಕಿ ನಿಧಾನವಾಗಿ ತಲೆ ಎತ್ತಿದಳು.

“ಮಾವ, ನಂದು ನಲವತ್ತೇಳಿತ್ತು,” ಎಂದಳು. “ಎಂಟು ವರ್ಷ ಆಯ್ತು. ನೀವು ಕಷ್ಟ ಅಂದ್ರಿ. ನಮ್ಮಪ್ಪ ಗೇಟಿಂದ ಸೀದಾ ಇಲ್ಲಿಗೇ ಕರ್ಕೊಂಡು ಬಂದು ಸೇರಿಸಿದ್ರು.”

“ನಂದು ಐವತ್ತೊಂದು,” ಎಂದಿತು ಮೇಜಿನ ಆ ಕೊನೆಯಿಂದ ಇನ್ನೊಂದು ದನಿ. ಮಾವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮಗಳು ಸಹಿ ಹಾಕಿ ಅರ್ಜಿ ಕೊಟ್ಟಳು. ಅವಳ ಮುಖದಲ್ಲಿ ಖುಷಿಯ ಸುಳಿವೇ ಇರಲಿಲ್ಲ.

“ಅಪ್ಪ, ಇವರು ಈಗ ಅರ್ಜಿ ಹಾಕಬಹುದಾ?”

ಮಾವ ರೂಢಿಯಂತೆ ಬಾಯಿ ತೆರೆದರು. ನಾಲಿಗೆ ತುದಿಗೆ ಬಂದ ಮಾತನ್ನು ಹಾಗೇ ನುಂಗಿಕೊಂಡರು.

“ಗೊತ್ತಿಲ್ಲ ಪುಟ್ಟಿ,” ಎಂದರು. “ನನ್ನ ಅಂದಾಜಿನಲ್ಲಿ...”

ಮೇಲ್ವಿಚಾರಕಿ ಕೈಗವಸು ಕಳಚಿ ಮೇಜಿನ ಮೇಲಿಟ್ಟು ಎದ್ದು ನಿಂತಳು.

“ಅಂದಾಜು ಬೇಡ ಮಾವ. ಯಾರನ್ನ ಕೇಳ್ಬೇಕು, ಅಷ್ಟು ಹೇಳಿ.”